ನೆಕಾರ್ ತೀರದ ಟ್ಯೂಬಿಂಗೆನ್: ಕನ್ನಡಕ್ಕೆ ನಂಟಿರುವ ಒಂದು ಜರ್ಮನ್ ಊರು

ಜರ್ಮನಿಯ ನೈಋತ್ಯ ಭಾಗದಲ್ಲಿ, ಸ್ಟುಟ್‌ಗಾರ್ಟ್ ನಗರದಿಂದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ, ನೆಕಾರ್ ನದಿಯ ದಡದ ಮೇಲೆ ಟ್ಯೂಬಿಂಗೆನ್ ಎಂಬ ಹಳೆಯ ಊರಿದೆ. ಇಲ್ಲಿಯ ಜನಸಂಖ್ಯೆ ಸುಮಾರು 90 ಸಾವಿರ. ಅದರಲ್ಲಿ ಮೂರನೆಯ ಒಂದು ಪಾಲಿನಷ್ಟು ಮಂದಿ ವಿದ್ಯಾರ್ಥಿಗಳು. ಪ್ರವಾಸಿಗರು ಈ ಊರನ್ನು ಕೋಟೆ, ನದಿ ಮತ್ತು ಕವಿಯೊಬ್ಬನ ಗೋಪುರಕ್ಕಾಗಿ ನೋಡಲು ಬರುತ್ತಾರೆ. ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಇದರ ಹೆಸರು ಮುಖ್ಯವಾಗುವುದು ಬೇರೊಂದು ಕಾರಣಕ್ಕೆ. ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಓದಿದ್ದು ಇಲ್ಲಿ. ಕನ್ನಡ-ಇಂಗ್ಲಿಷ್ ನಿಘಂಟನ್ನು ರಚಿಸಿದ ಫರ್ಡಿನಾಂಡ್ ಕಿಟೆಲ್ ಕಣ್ಣು ಮುಚ್ಚಿದ್ದು ಇಲ್ಲಿ. ಇಬ್ಬರಿಗೂ ಡಾಕ್ಟರೇಟ್ ನೀಡಿ ಗೌರವಿಸಿದ್ದು ಇಲ್ಲಿಯ ವಿಶ್ವವಿದ್ಯಾಲಯ.

ಊರಿನ ಮೇಲ್ಗಡೆ ಗುಡ್ಡದ ನೆತ್ತಿಯಲ್ಲಿರುವ ಹೋಹೆನ್‌ಟ್ಯೂಬಿಂಗೆನ್ ಕೋಟೆಯ ಮೊದಲ ಉಲ್ಲೇಖ 1078ರಷ್ಟು ಹಿಂದಿನದು. ಸ್ಥಳೀಯ ಕೌಂಟರು 1342ರಲ್ಲಿ ಕೋಟೆಯನ್ನೂ ಊರನ್ನೂ ವ್ಯೂರ್ಟೆಂಬೆರ್ಗ್ ಮನೆತನಕ್ಕೆ ಮಾರಿದರು. ಆ ಮನೆತನದ ಎಬರ್‌ಹಾರ್ಡ್ ಎಂಬ ಅರಸ 1477ರಲ್ಲಿ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ. 'ನಾನು ಸಾಹಸಕ್ಕೆ ತೊಡಗುತ್ತೇನೆ' ಎಂಬರ್ಥದ ಒಂದು ಲ್ಯಾಟಿನ್ ಪದ ಅವನ ಧ್ಯೇಯವಾಕ್ಯವಾಗಿತ್ತು. ಜ್ಞಾನಕ್ಕೆ ಬಾಗಿಲು ತೆರೆದ ಆ ವರ್ಷದಲ್ಲೇ ಅವನು ಊರಿನ ಯಹೂದಿಗಳನ್ನು ಹೊರಗಟ್ಟಿದನೆಂಬುದನ್ನೂ ಇತಿಹಾಸ ದಾಖಲಿಸಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅವರು ಮತ್ತೆ ಕಟ್ಟಿಕೊಂಡ ಪ್ರಾರ್ಥನಾಮಂದಿರವನ್ನು 1938ರ ನವೆಂಬರಿನಲ್ಲಿ ನಾತ್ಸಿಗಳು ಸುಟ್ಟುಹಾಕಿದರು. ಎರಡನೆಯ ಮಹಾಯುದ್ಧದಲ್ಲಿ ಹಳೆಯ ಊರು ಬಹುಮಟ್ಟಿಗೆ ನಾಶವಾಗದೆ ಉಳಿಯಿತು. ಆದ್ದರಿಂದ ಮರದ ಚೌಕಟ್ಟಿನ ಮನೆಗಳು, ಕಡಿದಾದ ಓಣಿಗಳು, 1435ರ ಪುರಭವನ, ಅದರ ಮುಂಭಾಗದಲ್ಲಿ 1511ರಲ್ಲಿ ಯೋಹಾನೆಸ್ ಷ್ಟೋಫ್ಲರ್ ರೂಪಿಸಿದ ಖಗೋಳ ಗಡಿಯಾರ ಇಂದಿಗೂ ಕಾಣಸಿಗುತ್ತವೆ. ಹದಿನೈದನೆಯ ಶತಮಾನದ ಕೊನೆಯಲ್ಲಿ ಪೂರ್ಣಗೊಂಡ ಸಂತ ಜಾರ್ಜರ ದೇವಾಲಯದಲ್ಲಿ ವ್ಯೂರ್ಟೆಂಬೆರ್ಗ್ ಅರಸರ ಸಮಾಧಿಗಳಿವೆ.

ಈ ಊರಿನ ವಿದ್ಯೆಯ ಕಥೆಯಲ್ಲಿ 'ಷ್ಟಿಫ್ಟ್' ಎಂಬ ಸಂಸ್ಥೆಗೆ ವಿಶೇಷ ಸ್ಥಾನವಿದೆ. ಪ್ರಾಟೆಸ್ಟಂಟ್ ಪಾದ್ರಿಗಳಾಗುವವರಿಗೆ ಊಟ ವಸತಿಗಳೊಡನೆ ಶಿಕ್ಷಣ ಕೊಡಲು 1536ರಲ್ಲಿ ಆರಂಭವಾದ ವಿದ್ಯಾರ್ಥಿನಿಲಯವಿದು. ಗ್ರಹಗತಿಯ ನಿಯಮಗಳನ್ನು ಕಂಡುಹಿಡಿದ ಕೆಪ್ಲರ್ ಇಲ್ಲಿಯ ವಿದ್ಯಾರ್ಥಿ. ತತ್ತ್ವಜ್ಞಾನಿಗಳಾದ ಹೆಗೆಲ್, ಷೆಲಿಂಗ್ ಮತ್ತು ಕವಿ ಹೋಲ್ಡರ್ಲಿನ್ ಇಲ್ಲಿ ಸಹಪಾಠಿಗಳು. ಚಿತ್ತಸ್ವಾಸ್ಥ್ಯ ಕಳೆದುಕೊಂಡ ಹೋಲ್ಡರ್ಲಿನ್‌ನನ್ನು 1807ರಲ್ಲಿ ಎರ್ನ್‌ಸ್ಟ್ ತ್ಸಿಮರ್ ಎಂಬ ಬಡಗಿ ತನ್ನ ಮನೆಗೆ ಕರೆತಂದ. 1843ರಲ್ಲಿ ಸಾಯುವವರೆಗೆ, 36 ವರ್ಷ, ಕವಿ ನೆಕಾರ್ ದಡದ ಆ ಮನೆಯ ಗೋಪುರದ ಕೋಣೆಯಲ್ಲಿ ಬಾಳಿದ. ಊರಿನ ಚಿತ್ರಗಳಲ್ಲಿ ಹೆಚ್ಚಾಗಿ ಕಾಣುವ ಹಳದಿ ಗೋಪುರ ಅದೇ. 1875ರಲ್ಲಿ ಬೆಂಕಿಗೆ ಆಹುತಿಯಾದ ಬಳಿಕ ಅದನ್ನು ಮತ್ತೆ ಕಟ್ಟಲಾಯಿತು.

ಹತ್ತೊಂಬತ್ತನೆಯ ಶತಮಾನದ ಟ್ಯೂಬಿಂಗೆನ್ ಪಠ್ಯವಿಮರ್ಶೆಯ ಊರು. ಧರ್ಮಗ್ರಂಥವನ್ನೂ ಉಳಿದ ಗ್ರಂಥಗಳಂತೆ ಕಾಲ, ಕರ್ತೃ, ಆಕರಗಳ ದೃಷ್ಟಿಯಿಂದ ಪರೀಕ್ಷಿಸಬೇಕೆಂದು ಎಫ್. ಸಿ. ಬೌರ್ ಮತ್ತು ಅವರ ಶಿಷ್ಯರು ವಾದಿಸಿದರು. ಷ್ಟಿಫ್ಟಿನಲ್ಲಿ ಪಾಠ ಹೇಳುತ್ತಿದ್ದ ಡೇವಿಡ್ ಫ್ರೀಡ್ರಿಷ್ ಷ್ಟ್ರೌಸ್ 1835ರಲ್ಲಿ ಯೇಸುವಿನ ಜೀವನದ ಬಗ್ಗೆ ಇದೇ ದೃಷ್ಟಿಯ ಗ್ರಂಥವನ್ನು ಪ್ರಕಟಿಸಿ ಹುದ್ದೆಯನ್ನೇ ಕಳೆದುಕೊಂಡರು. ಈ ವಾದವಿವಾದಗಳ ನಡುವೆ ಓದಿದ ಇಬ್ಬರು ಗೆಳೆಯರು ಭಾರತದ ಪಶ್ಚಿಮ ಕರಾವಳಿಗೆ ಬಂದರು. ಒಬ್ಬರು ಮಲಯಾಳಕ್ಕೆ ನಿಘಂಟು ಕೊಟ್ಟ ಹರ್ಮನ್ ಗುಂಡರ್ಟ್. ಇನ್ನೊಬ್ಬರು ಮೊಗ್ಲಿಂಗ್.

1811ರಲ್ಲಿ ಬ್ರಾಕೆನ್‌ಹೈಮ್ ಎಂಬಲ್ಲಿ ಹುಟ್ಟಿದ ಮೊಗ್ಲಿಂಗ್ ಟ್ಯೂಬಿಂಗೆನ್ನಿನಲ್ಲಿ ದೇವತಾಶಾಸ್ತ್ರ ಓದಿ, ಬಾಸೆಲ್ ಮಿಶನ್ನಿನ ಮೂಲಕ 1836ರಲ್ಲಿ ಮಂಗಳೂರಿಗೆ ಬಂದರು. 1843ರ ಜುಲೈ 1ರಂದು ಅವರ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಹೊರಬಂತು. 1848ರಿಂದ ಅವರು ಹೊರತಂದ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಮೊದಲಾದವು ಅಚ್ಚಾದವು. ಇದಕ್ಕೆ ಹಣ ಒದಗಿಸಿದವರು ಕಾಸಾಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು. ಮತಪ್ರಚಾರಕ್ಕೆ ಬಂದವರೊಬ್ಬರು ಅನ್ಯಮತದ ಕಾವ್ಯಗಳನ್ನು ಇಷ್ಟು ಶ್ರಮವಹಿಸಿ ಮುದ್ರಿಸಿದ್ದಕ್ಕೆ ಜನರ ಮನಸ್ಸನ್ನು ಅರಿಯಬೇಕೆಂಬ ಪ್ರಚಾರಕನ ಲೆಕ್ಕಾಚಾರ ಒಂದು ಕಾರಣ. ಆದರೆ ಆ ಲೆಕ್ಕಾಚಾರವೊಂದರಿಂದಲೇ ಕೀರ್ತನೆಗಳನ್ನು ಜರ್ಮನ್ ಪದ್ಯಗಳಾಗಿಸುವ ಆಸಕ್ತಿ ಹುಟ್ಟುವುದಿಲ್ಲ. ಮೊಗ್ಲಿಂಗ್ ಅದನ್ನೂ ಮಾಡಿದರು. 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ನೀಡಿತು.

ಆ ಮಾಲೆಯಲ್ಲಿ ನಡುಗನ್ನಡದ ಕೃತಿಗಳದೇ ಮೇಲುಗೈ. ಹಳಗನ್ನಡದ ಶಾಸ್ತ್ರಗ್ರಂಥಗಳ ಕಡೆಗೆ ತಿರುಗಿದವರು ಕಿಟೆಲ್. ಉತ್ತರ ಜರ್ಮನಿಯ ಕಡಲತೀರದ ಪ್ರದೇಶದಲ್ಲಿ 1832ರಲ್ಲಿ ಜನಿಸಿದ ಅವರು ಟ್ಯೂಬಿಂಗೆನ್ನಿನ ವಿದ್ಯಾರ್ಥಿಯಲ್ಲ. ಬಾಸೆಲ್ಲಿನಲ್ಲಿ ತರಬೇತಿ ಪಡೆದು 1853ರಲ್ಲಿ ಭಾರತಕ್ಕೆ ಬಂದವರು. 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು, 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನು ಅವರು ಸಂಪಾದಿಸಿದರು. ಎರಡನೆಯದರ ಪೀಠಿಕೆಯಲ್ಲಿ ಕನ್ನಡ ಸಾಹಿತ್ಯ ನಡೆದುಬಂದ ದಾರಿಯ ಒಂದು ನಕ್ಷೆಯನ್ನು ಕೊಟ್ಟು, ಅದರಲ್ಲಿ ಜೈನ ಕವಿಗಳ ಸ್ಥಾನವನ್ನು ಗುರುತಿಸಿದರು. 'ಪಂಪಭಾರತ'ವೂ 'ಕವಿರಾಜಮಾರ್ಗ'ವೂ ಅಚ್ಚಿನಲ್ಲಿ ಬಂದದ್ದು 1898ರಲ್ಲಿ ಎಂಬುದನ್ನು ನೆನೆದರೆ ಈ ಕೆಲಸದ ಬೆಲೆ ತಿಳಿಯುತ್ತದೆ. ಹಳಗನ್ನಡ ಕಾವ್ಯಗಳನ್ನು ಸಂಪಾದಿಸಬೇಕಾದವರ ಕೈಗೆ ವ್ಯಾಕರಣವೂ ಛಂದಸ್ಸೂ ಮೊದಲೇ ಸಿಕ್ಕಿದ್ದವು.

ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಸುಮಾರು 70 ಸಾವಿರ ಶಬ್ದಗಳ ಈ ಗ್ರಂಥದಲ್ಲಿ ಹಳಗನ್ನಡದ ರೂಪಗಳು, ಅವುಗಳಿಂದ ಬಂದ ಹೊಸ ರೂಪಗಳು, ತಮಿಳು, ತೆಲುಗು, ಮಲಯಾಳ, ತುಳುಗಳ ಸಜಾತೀಯ ಪದಗಳು, ಗಾದೆಗಳು ಒಟ್ಟಿಗೆ ಸಿಗುತ್ತವೆ. ಪದದ ಅರ್ಥವನ್ನು ಊಹೆಗೆ ಬಿಡದೆ ಪ್ರಯೋಗದಿಂದ ಸಾಧಿಸಬೇಕೆಂಬುದು ಆ ಕಾಲದ ಜರ್ಮನ್ ಕೋಶವಿದ್ವಾಂಸರ ನಿಷ್ಠೆ. ಟ್ಯೂಬಿಂಗೆನ್ನಿನಲ್ಲೇ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ರುಡಾಲ್ಫ್ ರೋಟ್, ಬೋಟ್‌ಲಿಂಕರೊಡನೆ 1855ರಿಂದ 1875ರವರೆಗೆ ಏಳು ಸಂಪುಟಗಳಲ್ಲಿ ಹೊರತಂದ ಸೇಂಟ್ ಪೀಟರ್ಸ್‌ಬರ್ಗ್ ಸಂಸ್ಕೃತ ಕೋಶ ಆ ನಿಷ್ಠೆಯ ಮಹಾಕೃತಿ. ಕಿಟೆಲ್ಲರ ಕೋಶ ಕನ್ನಡಕ್ಕೆ ಅದೇ ಬಗೆಯ ಸೇವೆ ಸಲ್ಲಿಸಿತು. 1896ರಲ್ಲಿ ಅವರಿಗೂ ಟ್ಯೂಬಿಂಗೆನ್ನಿನ ಡಾಕ್ಟರೇಟ್ ಸಂದಿತು. ಗುಂಡರ್ಟರ ಮೊಮ್ಮಗ, ಮುಂದೆ 'ಸಿದ್ಧಾರ್ಥ' ಕಾದಂಬರಿಯನ್ನು ಬರೆದ ಹರ್ಮನ್ ಹೆಸ್ಸೆ, ಆ ವರ್ಷ ಇದೇ ಊರಿನ ಹೆಕೆನ್‌ಹೌವರ್ ಪುಸ್ತಕದಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ. 1903ರಲ್ಲಿ ಕನ್ನಡ ವ್ಯಾಕರಣವನ್ನೂ ಪ್ರಕಟಿಸಿ, ಅದೇ ಡಿಸೆಂಬರಿನಲ್ಲಿ ಕಿಟೆಲ್ ಟ್ಯೂಬಿಂಗೆನ್ನಿನಲ್ಲಿ ನಿಧನರಾದರು.

ಜೈನ ಅಧ್ಯಯನಕ್ಕೂ ಈ ಊರಿನ ಸಂಬಂಧವುಂಟು. ಜೈನ ಕರ್ಮಸಿದ್ಧಾಂತದ ಮೇಲೆ ಪ್ರಬಂಧ ಬರೆದು, 1925ರಲ್ಲಿ ಜೈನಧರ್ಮವನ್ನು ಸಮಗ್ರವಾಗಿ ಪರಿಚಯಿಸುವ ಜರ್ಮನ್ ಗ್ರಂಥವನ್ನು ಪ್ರಕಟಿಸಿದ ಹೆಲ್ಮುಟ್ ಫಾನ್ ಗ್ಲಾಸೆನಾಪ್ 1946ರಿಂದ 1959ರವರೆಗೆ ಇಲ್ಲಿ ಪ್ರಾಧ್ಯಾಪಕರಾಗಿದ್ದರು.

ಇಷ್ಟನ್ನು ಹೇಳಿದ ಮೇಲೆ ಋಣದ ಲೆಕ್ಕವನ್ನು ಸರಿಯಾಗಿ ಬರೆಯುವ ಹೊಣೆ ಉಳಿಯುತ್ತದೆ. ಮೊಗ್ಲಿಂಗ್, ಕಿಟೆಲ್ಲರು ಸಂಪಾದಿಸಿದ ಗ್ರಂಥಗಳು ಅವರು ಬರುವ ಮೊದಲು ಶತಮಾನಗಳ ಕಾಲ ಕನ್ನಡನಾಡಿನ ಬಸದಿ, ಮಠ, ಮನೆಗಳಲ್ಲಿ ತಾಳೆಗರಿಯ ಮೇಲೆ ಬದುಕಿದ್ದವು. ಗರಿ ಶಿಥಿಲವಾದಂತೆಲ್ಲ ಪ್ರತಿ ಮಾಡಿಟ್ಟ ಲಿಪಿಕಾರರು, ಶಾಸ್ತ್ರದಾನವನ್ನು ಪುಣ್ಯವೆಂದು ನಂಬಿ ಪ್ರತಿ ಮಾಡಿಸಿದ ಶ್ರಾವಕ ಶ್ರಾವಿಕೆಯರು, ಅರ್ಥ ಬಿಡಿಸಿ ಹೇಳಿದ ನಾಡಪಂಡಿತರು ಈ ಕಾರ್ಯದ ಪಾಲುದಾರರು. ಅವರಲ್ಲಿ ಬಹುಮಂದಿಯ ಹೆಸರು ಮುಖಪುಟದ ಮೇಲೆ ಬರಲಿಲ್ಲ. ಅವರನ್ನು ಬಿಟ್ಟು ಜರ್ಮನ್ನರನ್ನು ಮಾತ್ರ ಕೊಂಡಾಡುವುದು ಅರ್ಧ ಇತಿಹಾಸ. ಧರ್ಮಪ್ರಚಾರಕರೆಂಬ ಒಂದೇ ಕಾರಣಕ್ಕೆ ಜರ್ಮನ್ನರ ವಿದ್ವತ್ತನ್ನು ಬದಿಗೊತ್ತುವುದೂ ಅಷ್ಟೇ ಅರ್ಧ.

ಬೆಂಗಳೂರಿನಲ್ಲಿ ಕಿಟೆಲ್ಲರ ಪ್ರತಿಮೆಯಿದೆ, ಆಸ್ಟಿನ್ ಟೌನಿಗೆ ಕಿಟೆಲ್ ನಗರವೆಂಬ ಹೆಸರಿದೆ. ಆದರೆ ಅವರ ಕೆಲಸದ ಉಪಯೋಗ ತಿಳಿಯಲು ನಗರದ ಉತ್ತರಕ್ಕೆ, ಹೆಬ್ಬಾಳಕ್ಕೆ ಹೋಗಬೇಕು. ಗಂಗ ದೊರೆ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ, ಕಿತ್ತಯ್ಯನೆಂಬ ವೀರನ ಕಲ್ಲು 2018ರಲ್ಲಿ ಅಲ್ಲಿ ಮಣ್ಣಿನಿಂದ ಹೊರಬಂತು. ಅದರಲ್ಲಿ ಆ ಸೀಮೆಯ ಹೆಸರು 'ಪೆರ್ಬೊಳಲ್ ನಾಡು' ಎಂದಿದೆ. 'ಪೆರ್' ಎಂದರೆ ಹಿರಿದು, 'ಪೊಳಲ್' ಎಂದರೆ ಪಟ್ಟಣ. ಹಳಗನ್ನಡದ ಪಕಾರ ಮುಂದೆ ಹಕಾರವಾಗುತ್ತದೆ. ಪೆರ್ಬೊಳಲು ಹೆಬ್ಬಾಳವಾದ ಬಗೆಯನ್ನು ಇಂದಿನ ವಿದ್ಯಾರ್ಥಿ ಕೇಶಿರಾಜನ ಸೂತ್ರಗಳನ್ನೂ ಕಿಟೆಲ್ಲರ ಕೋಶವನ್ನೂ ಎದುರಿಗಿಟ್ಟುಕೊಂಡು ತಾನೇ ಬಿಡಿಸಿಕೊಳ್ಳಬಲ್ಲ. ಸೂತ್ರ ಬರೆದವನು ಹದಿಮೂರನೆಯ ಶತಮಾನದ ಜೈನ ಪಂಡಿತ. ಕೋಶ ಕಟ್ಟಿದವನು ನೆಕಾರ್ ತೀರದಲ್ಲಿ ತೀರಿಕೊಂಡ ಜರ್ಮನ್ ಪಾದ್ರಿ. ಕಲ್ಲಿನ ಮುಂದೆ ನಿಂತು ಓದುವವನಿಗೆ ಇಬ್ಬರೂ ಬೇಕು.