ತಂತಿ, ಪರವಾನಗಿ ಮತ್ತು ಪ್ರಭುತ್ವದ ಕಿವಿ

ಮೌಖಿಕ ಪರಂಪರೆಯಲ್ಲಿ ಮಾತು ಊರಿಂದೂರಿಗೆ ಸಾಗಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಡಂಗುರ ಅರಸನದಾಗಿದ್ದರೂ ಸಂತೆ ಜಾತ್ರೆಗಳ ಸುದ್ದಿಗೆ ಒಡೆಯನಿರಲಿಲ್ಲ. 1857ರ ಆರಂಭದಲ್ಲಿ ಉತ್ತರ ಭಾರತದ ಹಳ್ಳಿಯಿಂದ ಹಳ್ಳಿಗೆ ಚೌಕಿದಾರರ ಕೈಯಲ್ಲಿ ಸಾಗಿದ ಚಪಾತಿಗಳ ಅರ್ಥವನ್ನು ಬಿಡಿಸಲಾಗದೆ ಕಂಪನಿಯ ಅಧಿಕಾರಿಗಳು ಕಂಗೆಟ್ಟಿದ್ದರು. ಅದೇ ವರ್ಷ ದಂಗೆಯೆದ್ದವರು ಹಲವೆಡೆ ತಂತಿಗಳನ್ನು ಕತ್ತರಿಸಿದರು. ಮಾತಿನ ಹಾದಿ ಯಾರದು ಎಂಬ ಈ ಪ್ರಶ್ನೆಗೆ ವಸಾಹತುಶಾಹಿ ಸರಕಾರ ಕಾಯಿದೆಯ ಮೂಲಕ ಕೊಟ್ಟ ಉತ್ತರವನ್ನು ಇಲ್ಲಿ ಪರಿಶೀಲಿಸಲಾಗಿದೆ.

ತಂತಿಯ ಮೇಲಿನ ಏಕಸ್ವಾಮ್ಯವು 1854ರ ಕಾಯಿದೆಯಿಂದಲೇ ಕಂಪನಿಗೆ ದೊರೆತಿತ್ತು. ದೂರವಾಣಿ ಬಂದಾಗ ಸರಕಾರ ಮೊದಲು ಖಾಸಗಿಯವರಿಗೆ ಅವಕಾಶ ನಿರಾಕರಿಸಿತು. 1881ರಲ್ಲಿ ಮನಸ್ಸು ಬದಲಿಸಿ ಓರಿಯೆಂಟಲ್ ಟೆಲಿಫೋನ್ ಕಂಪನಿಗೆ ಪರವಾನಗಿ ನೀಡಿತು. ಮರುವರ್ಷದ ಜನವರಿಯಲ್ಲಿ ಕಲ್ಕತ್ತೆಯ ವಿನಿಮಯ ಕೇಂದ್ರ ಆರಂಭವಾಯಿತು.

ಈ ಇತಿಹಾಸದ ತಿರುಳಿರುವುದು 1885ರ ಭಾರತೀಯ ಟೆಲಿಗ್ರಾಫ್ ಕಾಯಿದೆಯಲ್ಲಿ. ಅದರ ವ್ಯಾಖ್ಯೆಯೊಳಗೆ ದೂರವಾಣಿಯೂ ಸೇರಿತು. 4ನೆಯ ಪ್ರಕರಣ ತಂತಿಯನ್ನು ಸರಕಾರದ ಸ್ವತ್ತಾಗಿಸಿ ಉಳಿದವರಿಗೆ ಪರವಾನಗಿಯ ದಾರಿ ತೋರಿಸಿತು. 5ನೆಯ ಪ್ರಕರಣ ಸಾರ್ವಜನಿಕ ತುರ್ತು ಅಥವಾ ಸುರಕ್ಷತೆಯ ಹೆಸರಿನಲ್ಲಿ ಪರವಾನಗಿದಾರರ ತಂತಿಯನ್ನು ವಶಪಡಿಸಿಕೊಳ್ಳುವ, ಸಂದೇಶಗಳನ್ನು ತಡೆದು ನೋಡುವ ಅಧಿಕಾರ ಕೊಟ್ಟಿತು. ತುರ್ತು ನಿಜಕ್ಕೂ ಇದೆಯೇ ಎಂಬ ಸಂದೇಹ ಬಂದರೆ? ಸರಕಾರದ ಕಾರ್ಯದರ್ಶಿಯ ಸಹಿಯುಳ್ಳ ಪ್ರಮಾಣಪತ್ರವೇ ಅದಕ್ಕೆ ಅಂತಿಮ ಪುರಾವೆ! ಅಪ್ಪಣೆ ಕೊಡುವ ಕೈ ಮತ್ತು ಕದ್ದು ಕೇಳುವ ಕಿವಿ ಒಂದೇ ದೇಹದವು ಎಂಬುದನ್ನು ಅಕ್ಕಪಕ್ಕದ ಈ ಎರಡು ಪ್ರಕರಣಗಳು ಮರೆಮಾಚದೆ ಹೇಳುತ್ತವೆ. ಪರವಾನಗಿಯನ್ನು ಕೇವಲ ವಾಣಿಜ್ಯದ ಸಂಗತಿಯೆಂದು ಓದುವವರು ಈ ನೆರೆಹೊರೆಯನ್ನು ಗಮನಿಸಿದಂತಿಲ್ಲ.

ರೇಡಿಯೊ ಬಂದ ಮೇಲೆ ಕೇಳುಗನ ಕಿವಿಗೂ ಪರವಾನಗಿ ಬಂತು. 1927ರಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಪ್ರಸಾರ ಆರಂಭಿಸಿದಾಗ ಶ್ರೋತೃವಿನ ವಾರ್ಷಿಕ ಶುಲ್ಕ 10 ರೂಪಾಯಿ. 1933ರ ನಿಸ್ತಂತು ಕಾಯಿದೆಯಂತೆ ಪರವಾನಗಿಯಿಲ್ಲದೆ ಯಂತ್ರವನ್ನು ಇಟ್ಟುಕೊಳ್ಳುವುದೇ ಅಪರಾಧವಾಯಿತು. ದೇಶೀ ಸಂಸ್ಥಾನವಾದ ಮೈಸೂರಿನಲ್ಲಿ 1935ರಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರ ನಡೆಸಲು ಸಾಧ್ಯವಾದದ್ದು ಇದಕ್ಕೆ ಹೊಂದಿಸಿ ನೋಡಬೇಕಾದ ಸಂಗತಿ. 'ಆಕಾಶವಾಣಿ' ಎಂಬ ಹೆಸರು ಪ್ರಚಾರಕ್ಕೆ ಬಂದುದೂ ಅಲ್ಲಿಂದಲೇ.

ಪರವಾನಗಿಯಿಲ್ಲದ ದನಿಗೆ ತೆರಬೇಕಾದ ಬೆಲೆ 1942ರಲ್ಲಿ ಸ್ಪಷ್ಟವಾಯಿತು. ಕ್ವಿಟ್ ಇಂಡಿಯಾ ಚಳವಳಿಯ ದಿನಗಳಲ್ಲಿ ಮುಂಬಯಿಯಲ್ಲಿ ಉಷಾ ಮೆಹ್ತಾ ಮತ್ತು ಸಂಗಾತಿಗಳು ಗುಪ್ತವಾಗಿ ಕಾಂಗ್ರೆಸ್ ರೇಡಿಯೊ ನಡೆಸಿದರು. ಪೊಲೀಸರ ಕಣ್ಣು ತಪ್ಪಿಸಲು ನೆಲೆ ಬದಲಿಸುತ್ತಲೇ ಇದ್ದರು. ಪತ್ರಿಕೆಗಳ ಬಾಯಿ ಕಟ್ಟಿದ್ದ ಆ ಕಾಲದಲ್ಲಿ ಸುದ್ದಿ ಮತ್ತೆ ಸಂತೆಯ ಮಾತಿನಂತೆ, ಒಡೆಯನಿಲ್ಲದೆ ಹರಿಯಿತು. ನವೆಂಬರ್ ತಿಂಗಳಲ್ಲಿ ಅವರ ಬಂಧನವಾಯಿತು. ಉಷಾ ಅವರಿಗೆ ನಾಲ್ಕು ವರ್ಷಗಳ ಸೆರೆವಾಸ.

ಸ್ವಾತಂತ್ರ್ಯಾನಂತರವೂ 1885ರ ಕಾಯಿದೆ ಮುಂದುವರಿಯಿತು. ತಡೆದು ನೋಡಲು ಲಿಖಿತ ಕಾರಣ ಕೊಡಬೇಕೆಂಬ ನಿಯಮ 1972ರ ತಿದ್ದುಪಡಿಯಲ್ಲಿ ಬಂತು. ಅದರ ಸ್ಥಾನದಲ್ಲಿ 2023ರ ದೂರಸಂಪರ್ಕ ಕಾಯಿದೆ ಬಂದಿದೆ. ಪರವಾನಗಿ ಎಂಬ ಪದ ಹೋಗಿ ಅಧಿಕಾರಪತ್ರ ಎಂಬುದು ಬಂದಿದೆ. ತಡೆದು ಕೇಳುವ ಅಧಿಕಾರ ಅದರ 20ನೆಯ ಪ್ರಕರಣದಲ್ಲಿ ಉಳಿದುಕೊಂಡಿದೆ.