ಹಾಡಿನಲ್ಲಿ ಉಳಿದ ಚರಿತ್ರೆ

ಕೊಡವರ ಬಾಯಲ್ಲಿದ್ದ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಬರೆದುಕೊಂಡು 1924ರಲ್ಲಿ ‘ಪಟ್ಟೋಲೆ ಪಳಮೆ’ಯಾಗಿ ಪ್ರಕಟಿಸಿದರು. ಕೊಡಗಿನ ನೆನಪು ಹೀಗೆ ಪುಸ್ತಕವಾಯಿತು.

ಉತ್ತರ ಕನ್ನಡದ ಸಿದ್ದಿ ಜನರ ಚರಿತ್ರೆಗೂ ಇಂಥ ಆಸರೆ ಬೇಕು. ಪೂರ್ವ ಆಫ್ರಿಕದಿಂದ ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಯಲ್ಲಾಪುರ, ಹಳಿಯಾಳದ ಕಾಡು ಸೇರಿದರು. ಒಡೆಯರ ಕಡತದಲ್ಲಿ ಗುಲಾಮನ ಬೆಲೆ ಸಿಕ್ಕೀತು, ಮನಸ್ಸು ಸಿಗದು. ಅದು ಡಮಾಮಿಯ ಹಾಡಿನಲ್ಲಿದೆ, ಹೆಂಗಸರು ಹೊಲಿಯುವ ಕೌದಿಯಲ್ಲಿದೆ, ಹಿರಿಯರ ಮಾತಿನಲ್ಲಿದೆ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಆದರೆ ಒಬ್ಬ ಅಜ್ಜಿ ತೀರಿಕೊಂಡರೆ ಕಳೆದುಹೋಗುವ ಹಾಡನ್ನು ಯಾವ ಆದೇಶವೂ ಮರಳಿ ತರದು.

ಆದ್ದರಿಂದ ಧ್ವನಿಮುದ್ರಣ ಮಾಡುವಾಗ, ಪ್ರಯೋಗಾಲಯದ ಟಿಪ್ಪಣಿಯಂತೆ, ಹೆಸರು, ಊರು, ದಿನಾಂಕ ಬರೆಯಿರಿ. ಮೊದಲು ಒಪ್ಪಿಗೆ ಕೇಳಿ. ಒಂದು ಪ್ರತಿ ಹಾಡಿದವರ ಊರಿನಲ್ಲೇ ಉಳಿಯಲಿ.