ವೈರಾಣು ಸೋಂಕು ಮತ್ತು ಹೃದಯದ ಉರಿಯೂತ

ಪೀಠಿಕೆ
ಹೃದಯದ ಸ್ನಾಯುವಿನ ಉರಿಯೂತಕ್ಕೆ ಮಯೋಕಾರ್ಡೈಟಿಸ್ ಎಂದೂ, ಹೃದಯದ ಹೊರಪೊರೆಯ ಉರಿಯೂತಕ್ಕೆ ಪೆರಿಕಾರ್ಡೈಟಿಸ್ ಎಂದೂ ಹೆಸರು. ಇವೆರಡಕ್ಕೂ ವೈರಾಣು ಸೋಂಕು ಪ್ರಮುಖ ಕಾರಣವಾಗಿದೆ. ಇದು ರಕ್ತನಾಳ ಕಟ್ಟಿಕೊಂಡು ಸಂಭವಿಸುವ ಹೃದಯಾಘಾತಕ್ಕಿಂತ ಭಿನ್ನವಾದುದು. ಮಕ್ಕಳಲ್ಲಿಯೂ ಆರೋಗ್ಯವಂತ ಯುವಜನರಲ್ಲಿಯೂ ಕಂಡುಬರುತ್ತದೆ.

ಕಾರಣವಾಗುವ ವೈರಾಣುಗಳು
ಕಾಕ್ಸಾಕಿ-ಬಿ, ಅಡಿನೋ, ಪಾರ್ವೋ ಬಿ-19, ಇನ್‌ಫ್ಲುಯೆಂಜಾ ಹಾಗೂ ಕೋವಿಡ್-19 ವೈರಾಣುಗಳು ಮುಖ್ಯವಾದವು. ನಮ್ಮ ರಾಜ್ಯದಲ್ಲಿ ಹರಡುವ ಡೆಂಗಿ ಮತ್ತು ಚಿಕುನ್‌ಗುನ್ಯ ಜ್ವರಗಳಿಂದಲೂ ಕೆಲವರಲ್ಲಿ ಹೃದಯಕ್ಕೆ ಹಾನಿಯಾಗುತ್ತದೆ. ಡೆಂಗಿಯನ್ನು ಕರ್ನಾಟಕ ಸರ್ಕಾರವು 2024ರ ಸೆಪ್ಟೆಂಬರ್‌ನಲ್ಲಿ ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು.

ರೋಗ ಉಂಟಾಗುವ ಬಗೆ
1. ಮೊದಲ ಕೆಲವು ದಿನಗಳಲ್ಲಿ ಕಾಕ್ಸಾಕಿಯಂತಹ ವೈರಾಣುಗಳು ಹೃದಯ ಸ್ನಾಯುವಿನ ಜೀವಕೋಶಗಳನ್ನು ಹೊಕ್ಕು, ವೃದ್ಧಿಯಾಗಿ, ಅವುಗಳನ್ನು ನಾಶಪಡಿಸುತ್ತವೆ.
2. ಬಳಿಕ ದೇಹದ ರೋಗನಿರೋಧಕ ವ್ಯವಸ್ಥೆಯು ಬಿಳಿ ರಕ್ತಕಣಗಳನ್ನು ಅಲ್ಲಿಗೆ ಕಳುಹಿಸುತ್ತದೆ. ಈ ಹೋರಾಟದಲ್ಲಿ ಆರೋಗ್ಯವಂತ ಕೋಶಗಳೂ ಹಾನಿಗೊಳ್ಳುತ್ತವೆ. ವೈರಾಣು ನಿರ್ಮೂಲವಾದ ನಂತರವೂ ಉರಿಯೂತ ಮುಂದುವರಿಯಬಹುದು.
3. ಬಹುತೇಕರು ಗುಣಮುಖರಾಗುತ್ತಾರೆ. ಕೆಲವರಲ್ಲಿ ಸ್ನಾಯುವಿನ ಜಾಗದಲ್ಲಿ ನಾರಿನ ಅಂಗಾಂಶ ಬೆಳೆದು, ಹೃದಯವು ಹಿಗ್ಗಿ ದುರ್ಬಲಗೊಳ್ಳುತ್ತದೆ.

ಆದುದರಿಂದ ಜ್ವರ ಬಿಟ್ಟ ಮಾತ್ರಕ್ಕೆ ಅಪಾಯ ಕಳೆಯಿತೆಂದು ಭಾವಿಸಬಾರದು. ಡೆಂಗಿಯಲ್ಲಂತೂ ಜ್ವರ ಇಳಿಯುವ ಹೊತ್ತಿಗೇ ರಕ್ತನಾಳಗಳಿಂದ ದ್ರವ ಸೋರಿ ರಕ್ತದೊತ್ತಡ ಕುಸಿಯುವ ಸಂಭವವಿರುತ್ತದೆ. ಹೃದಯವೂ ದುರ್ಬಲಗೊಂಡಿದ್ದಲ್ಲಿ, ರೋಗಿಗೆ ನೀಡುವ ದ್ರವದ ಪ್ರಮಾಣವನ್ನು ವೈದ್ಯರು ಎಚ್ಚರಿಕೆಯಿಂದ ನಿರ್ಧರಿಸಬೇಕಾಗುತ್ತದೆ.

ಲಕ್ಷಣಗಳು
ಜ್ವರದ ಸಂದರ್ಭದಲ್ಲಿ ಅಥವಾ ನಂತರದ ವಾರಗಳಲ್ಲಿ ಎದೆನೋವು, ಉಸಿರಾಟದ ತೊಂದರೆ, ಎದೆಬಡಿತದಲ್ಲಿ ಏರುಪೇರು, ಅತಿಯಾದ ಆಯಾಸ, ಕಾಲುಗಳಲ್ಲಿ ಬಾವು, ಪ್ರಜ್ಞೆ ತಪ್ಪುವಿಕೆ. ಶಿಶುಗಳಲ್ಲಿ ಹಾಲು ಕುಡಿಯಲು ನಿರಾಕರಣೆ ಹಾಗೂ ವೇಗದ ಉಸಿರಾಟ.

ಪತ್ತೆ ಮತ್ತು ಚಿಕಿತ್ಸೆ
ಇ.ಸಿ.ಜಿ., ಟ್ರೋಪೋನಿನ್ ರಕ್ತಪರೀಕ್ಷೆ, ಎಕೋ ಹಾಗೂ ಅಗತ್ಯವಿದ್ದಲ್ಲಿ ಎಂ.ಆರ್.ಐ. ಮೂಲಕ ರೋಗವನ್ನು ಪತ್ತೆ ಹಚ್ಚಲಾಗುತ್ತದೆ. ವೈರಾಣುಗಳ ಮೇಲೆ ಆಂಟಿಬಯಾಟಿಕ್‌ಗಳು ಪರಿಣಾಮ ಬೀರುವುದಿಲ್ಲ. ವಿಶ್ರಾಂತಿ ಮತ್ತು ಹೃದಯದ ಭಾರವನ್ನು ತಗ್ಗಿಸುವ ಔಷಧಗಳು ಚಿಕಿತ್ಸೆಯ ಮುಖ್ಯ ಭಾಗ. ರೋಗ ದೃಢಪಟ್ಟವರು ವೈದ್ಯರ ಅನುಮತಿಯಿಲ್ಲದೆ ಆಟೋಟ, ವ್ಯಾಯಾಮ ಹಾಗೂ ಶ್ರಮದ ಕೆಲಸಗಳಿಗೆ ಮರಳಬಾರದು. ಸಾಮಾನ್ಯವಾಗಿ ಇದಕ್ಕೆ ಕೆಲವು ತಿಂಗಳುಗಳೇ ಬೇಕಾಗುತ್ತವೆ.

ಮುನ್ನೆಚ್ಚರಿಕೆ
* ಮೈಸೂರಿನ ದಟ್ಟಗಳ್ಳಿಯಂತಹ ಬಡಾವಣೆಗಳ ನಿವಾಸಿಗಳು ಸಂಪು ಮತ್ತು ಮೇಲ್ತೊಟ್ಟಿಗಳನ್ನು ಭದ್ರವಾಗಿ ಮುಚ್ಚಿಡಬೇಕು. ಡ್ರಮ್ಮು, ಹೂಕುಂಡದ ತಟ್ಟೆಗಳಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ ತೊಳೆಯಬೇಕು.
* ಡೆಂಗಿಯ ಶಂಕೆಯಿದ್ದಲ್ಲಿ ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳನ್ನು ಸ್ವತಃ ಸೇವಿಸಬಾರದು.
* ಮೇಲ್ಕಂಡ ಲಕ್ಷಣಗಳು ಕಂಡುಬಂದಲ್ಲಿ ತಡಮಾಡದೆ ಹತ್ತಿರದ ಆಸ್ಪತ್ರೆಗೆ ತೆರಳಬೇಕು. ಮೈಸೂರಿನಲ್ಲಿ ಕೃಷ್ಣರಾಜೇಂದ್ರ ಆಸ್ಪತ್ರೆ ಹಾಗೂ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ ಇವೆ. ತುರ್ತು ವಾಹನಕ್ಕಾಗಿ 108ಕ್ಕೆ ಕರೆ ಮಾಡಲು ಸಾರ್ವಜನಿಕರನ್ನು ಕೋರಲಾಗಿದೆ.